ಅಟ್ಟದ ಮೇಲಿನ ಹಳೇ ಸಿಲಿಕಾನ್ ಟ್ಯೂಬ್: ತಾರೀಖು ಮುಗಿದಿದ್ದರೆ ಬಿಸಾಡಲೇಬೇಕಾ?

ಮೈಸೂರು_ಅಟ್ಟ

ಎಲ್ಲರಿಗೂ ನಮಸ್ಕಾರ. ಅರ್ಧ ಗಂಟೆಯ ಕೆಲಸಕ್ಕೆ ನಾಲ್ಕು ದಿನ ಹಾಳು ಮಾಡಿಕೊಂಡಿದ್ದೇನೆ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನಮ್ಮ ಅಡುಗೆಮನೆಯ ಸಿಂಕ್ ಮತ್ತು ಗ್ರಾನೈಟ್ ಕಟ್ಟೆಯ ನಡುವಿನ ಸಂದಿ ಮುಚ್ಚಲು ಹಾಕಿದ್ದ ಸಿಲಿಕಾನ್ ಕಪ್ಪಗಾಗಿ ಅಲ್ಲಲ್ಲಿ ಎದ್ದಿತ್ತು. ನೀರು ಕೆಳಗಿನ ಕಪಾಟಿಗೆ ಜಿನುಗಿ ಪ್ಲೈವುಡ್ ಉಬ್ಬಿದೆ. ಮಳೆ ಶುರುವಾಗೋ ಮುಂಚೆ ನಾನೇ ಸರಿ ಮಾಡೋಣ ಅಂದುಕೊಂಡೆ. ಅಟ್ಟದ ಮೇಲೆ ಮನೆ ಕಟ್ಟಿಸಿದಾಗ ಉಳಿದ ಸಾಮಾನಿನ ಡಬ್ಬ ಇತ್ತು. ಅದರಲ್ಲಿ ಬಾಯಿ ಒಡೆಯದ ಎರಡು ಸಿಲಿಕಾನ್ ಟ್ಯೂಬ್, ಅರ್ಧ ಬಳಸಿದ ಅಕ್ರಿಲಿಕ್ ಸೀಲೆಂಟ್ (ಸಂದಿ ಮುಚ್ಚುವ ಪೇಸ್ಟ್), ಸಂದಿಯಲ್ಲಿ ಉಬ್ಬಿ ತುಂಬಿಕೊಳ್ಳುವ ಪಿಯು ಫೋಮ್‌ನ ಒಂದು ಡಬ್ಬಿ, ಪೈಪ್ ಅಂಟಿಸುವ ಗಮ್ಮು, ಒಂದು ಪ್ಯಾಕೆಟ್ ಎಂ-ಸೀಲ್ ಸಿಕ್ಕವು. ನಿಧಿ ಸಿಕ್ಕ ಹಾಗೆ ಖುಷಿಯಾಯಿತು.

ಹಳೆಯದನ್ನು ಕೆರೆದು, ಒರೆಸಿ, ಒಣಗಿಸಿ, ಎರಡೂ ಕಡೆ ಟೇಪ್ ಹಚ್ಚಿ ಗೆರೆ ಎಳೆದೆ. ಸೋಪಿನ ನೀರಲ್ಲಿ ಬೆರಳು ಅದ್ದಿ ಸವರಿದೆ. ನೋಡೋಕೆ ಬಹಳ ಚೆನ್ನಾಗಿ ಬಂದಿತ್ತು. ಮರುದಿನ ಮುಟ್ಟಿದರೆ ಅಂಟು. ಎರಡನೇ ದಿನವೂ ಅಂಟು. ಮೂರನೇ ದಿನ ಮನೆಯವರು ಕುಕ್ಕರ್ ಇಟ್ಟು ಎತ್ತಿದರೆ ಚ್ಯೂಯಿಂಗ್ ಗಮ್ ತರಹ ದಾರದಾರವಾಗಿ ಎದ್ದು ಬಂತು. ಆಮೇಲೆ ಟ್ಯೂಬ್ ತಿರುಗಿಸಿ ನೋಡಿದೆ. ತಯಾರಾಗಿ 2 ವರ್ಷ 8 ತಿಂಗಳು ಆಗಿದೆ. ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ '12 ತಿಂಗಳೊಳಗೆ ಬಳಸಿ' ಅಂತಿದೆ. ಹೊಸದಾಗಿ ಹಾಕಿದಾಗ ಬರೋ ಆ ಹುಳಿ ವಾಸನೆ ಕೂಡ ಈ ಸಲ ಅಷ್ಟಾಗಿ ಬಂದಿರಲಿಲ್ಲ.

ಈ ಅರೆಬೆಂದ ಅಂಟನ್ನು ತೆಗೆಯೋದು ಹಳೇ ಗಟ್ಟಿ ಸಿಲಿಕಾನ್ ತೆಗೆಯೋದಕ್ಕಿಂತ ಹತ್ತು ಪಾಲು ಕಷ್ಟ. ಬಾಯಿ ಒಡೆಯದ ಟ್ಯೂಬ್ ಯಾಕೆ ಕೆಡಬೇಕು? ಉಳಿದ ಸಾಮಾನಿನಲ್ಲಿ ಯಾವುದು ಸರಿ ಇದೆ ಅಂತ ತಿಳಿಯೋದು ಹೇಗೆ?

ಬೆಣ್ಣೆನಗರಿ_ಹಾರ್ಡ್‌ವೇರ್

ದಾವಣಗೆರೆಯಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ನಿಮ್ಮ ಕಥೆಯನ್ನು ವರ್ಷಕ್ಕೆ ಹತ್ತು ಸಲ ಕೇಳುತ್ತೇನೆ. ಅರ್ಧ ಜನ ಅಂಗಡಿಯವನು ಡೂಪ್ಲಿಕೇಟ್ ಕೊಟ್ಟ ಅಂತ ಜಗಳಕ್ಕೆ ಬರುತ್ತಾರೆ. ತಾರೀಖು ತೋರಿಸಿದರೆ ಸುಮ್ಮನಾಗುತ್ತಾರೆ.

2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ತಯಾರಾದ ತಿಂಗಳು, ವರ್ಷ ಪ್ಯಾಕ್ ಮೇಲೆ ಇರಲೇಬೇಕು. ಆದರೆ ಲೇಬಲ್ ಮೇಲೆ ಹುಡುಕಬೇಡಿ, ಬಹಳ ಸಲ ಅಲ್ಲಿರಲ್ಲ. ಟ್ಯೂಬಿನ ಹಿಂಬದಿ ತಳದ ಅಂಚಿನಲ್ಲಿ, ಇಲ್ಲವೇ ಕುತ್ತಿಗೆ ಹತ್ತಿರ ಚುಕ್ಕಿಚುಕ್ಕಿ ಅಕ್ಷರದಲ್ಲಿ ಒತ್ತಿರುತ್ತಾರೆ. ಅದೂ ಕೈ ತಾಗಿ ತಾಗಿ ಅಳಿಸಿ ಹೋಗಿರುತ್ತೆ. ತಾರೀಖೇ ಕಾಣದ ಟ್ಯೂಬನ್ನು ತಗೋಬೇಡಿ.

ನಮ್ಮವರ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಹೊಸ ಸ್ಟಾಕ್ ಬಂದಾಗ ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ಇಡಬೇಕು. ಕೆಲಸದ ಹುಡುಗರು ಹೊಸದನ್ನೇ ಮುಂದೆ ತುರುಕುತ್ತಾರೆ, ಹಳೆಯದು ಹಿಂದೆ ಕೂತು ಮುದುಕಾಗುತ್ತೆ. ಶೋಕೇಸ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಟ್ಯೂಬಂತೂ ಕೊಳ್ಳಲೇಬೇಡಿ. ಒಳಗಿಂದ ಕೊಡಿ ಅಂತ ಕೇಳಿ, ನಾಚಿಕೆ ಏನಿಲ್ಲ.

ಪೀಣ್ಯ_ಪಾಲಿಮರ್

ಸೀಲೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೆ. 'ಬಾಯಿ ಒಡೆಯದ ಟ್ಯೂಬ್ ಯಾಕೆ ಕೆಡಬೇಕು' ಅನ್ನೋದಕ್ಕೆ ಉತ್ತರ ಹೇಳುತ್ತೇನೆ.

ಸಿಲಿಕಾನ್ ಪೇಂಟಿನ ಹಾಗೆ ಒಣಗಲ್ಲ. ಗಾಳಿಯಲ್ಲಿರೋ ತೇವ ಕುಡಿದು ರಬ್ಬರ್ ಆಗುತ್ತೆ. ಒಳಗೆ ಉದ್ದುದ್ದ ಸರಪಳಿಯಂಥ ಅಣುಗಳಿರುತ್ತವೆ. ಅವನ್ನು ಒಂದಕ್ಕೊಂದು ಹೆಣೆಯಲು ಕೊಕ್ಕೆಯಂಥ ಇನ್ನೊಂದು ರಾಸಾಯನಿಕ ಇರುತ್ತೆ. ತೇವ ತಾಗಿದ ಕೂಡಲೇ ಕೊಕ್ಕೆ ಬಿಚ್ಚಿಕೊಂಡು ಸರಪಳಿಗಳನ್ನು ಹಿಡಿಯುತ್ತೆ. ಆಗ ಹೊರಗೆ ಬೀಳೋದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರೋ ಹುಳಿ. ನೀವು ಹೇಳಿದ ಹುಳಿ ವಾಸನೆ ಅದೇ.

ಈಗ ಟ್ಯೂಬಿನ ವಿಷಯ. ಪ್ಲಾಸ್ಟಿಕ್ ಗೋಡೆ ನಮ್ಮ ಕಣ್ಣಿಗೆ ಗಟ್ಟಿ, ನೀರಿನ ಆವಿಗಲ್ಲ. ಬಹಳ ನಿಧಾನವಾಗಿ, ದಿನಕ್ಕೆ ಒಂದಿಷ್ಟು ಒಳಗೆ ಹೋಗುತ್ತಲೇ ಇರುತ್ತೆ. ಹಿಂಬದಿಯಲ್ಲಿ ಮಾಲನ್ನು ಮುಂದಕ್ಕೆ ತಳ್ಳೋ ಪಿಸ್ಟನ್ ಅಂಚಿನಿಂದಲೂ ಹೋಗುತ್ತೆ. ಹಾಗೆ ಬಂದ ತೇವವನ್ನೆಲ್ಲ ಆ ಕೊಕ್ಕೆಗಳೇ ನುಂಗಿಕೊಳ್ಳುತ್ತವೆ. ಇದು ಗೊತ್ತಿದ್ದೇ ತಯಾರಿಸುವಾಗ ಕೊಕ್ಕೆಗಳನ್ನು ಜಾಸ್ತಿ ಹಾಕಿರುತ್ತಾರೆ. 12 ತಿಂಗಳು ಅನ್ನೋದು ಹೆಚ್ಚುಕಮ್ಮಿ ಆ ಜಾಸ್ತಿ ಹಾಕಿದ್ದರ ಲೆಕ್ಕ. ಅದು ಖರ್ಚಾದ ಮೇಲೆ ಎರಡರಲ್ಲಿ ಒಂದು ಆಗುತ್ತೆ. ಟ್ಯೂಬಿನೊಳಗೇ ಗಟ್ಟಿಯಾಗಿ, ಟ್ಯೂಬ್ ಒತ್ತೋ ಗನ್ನಿನಿಂದ ಒತ್ತಿದರೂ ಬರಲ್ಲ. ಇಲ್ಲವೇ ಚೆನ್ನಾಗಿ ಹೊರಗೆ ಬಂದು, ಹೆಣೆಯಲು ಕೊಕ್ಕೆ ಸಾಲದೆ ಹಾಗೇ ಅಂಟಂಟಾಗಿ ಉಳಿಯುತ್ತೆ. ಮೊದಲನೆಯದೇ ವಾಸಿ, ನಿಮ್ಮ ಕಟ್ಟೆಯನ್ನಾದರೂ ಹಾಳು ಮಾಡಲ್ಲ. ನಿಮಗೆ ಆಗಿದ್ದು ಎರಡನೆಯದು. ವಾಸನೆ ಕಡಿಮೆ ಇತ್ತು ಅಂದಿರಲ್ಲ, ಅದೇ ಸುಳಿವು.

ಸೆಕೆ ಇದಕ್ಕೆ ಇನ್ನೂ ವೇಗ ಕೊಡುತ್ತೆ. ಲೇಬಲ್‌ನಲ್ಲಿ '25 ಡಿಗ್ರಿ ಒಳಗೆ' ಅಥವಾ '30 ಡಿಗ್ರಿ ಒಳಗೆ, ತಂಪಾದ ಒಣ ಜಾಗದಲ್ಲಿ' ಅಂತ ಬರೆದಿರುತ್ತೆ. 12 ತಿಂಗಳು ಅನ್ನೋ ಮಾತು ಆ ಷರತ್ತಿನ ಮೇಲೆ ನಿಂತಿದೆ. ಆರ್‌ಸಿಸಿ ಛಾವಣಿಗೆ ತಾಗಿದಂತಿರುವ ನಿಮ್ಮ ಅಟ್ಟ ಏಪ್ರಿಲ್‌ನಲ್ಲಿ ಎಷ್ಟು ಕಾಯುತ್ತೆ, ಒಮ್ಮೆ ಕೈ ಇಟ್ಟು ನೋಡಿ.

ಇನ್ನೊಂದು. ಗ್ರಾನೈಟಿಗೆ, ಮಾರ್ಬಲ್ಲಿಗೆ, ಸಿಮೆಂಟಿಗೆ ಹುಳಿ ವಾಸನೆಯ ಸಿಲಿಕಾನ್ ಹಾಕಬೇಡಿ. ಆಮ್ಲ ಮಾರ್ಬಲ್ ತಿನ್ನುತ್ತೆ, ಸಿಮೆಂಟಿನ ಮೇಲೆ ಹಿಡಿತ ಸಾಲಲ್ಲ, ತಾಮ್ರಕ್ಕೆ ಕಿಲುಬು. 'ನ್ಯೂಟ್ರಲ್' ಅಂತ ಬರೆದಿರೋದು, ಅಂದರೆ ಹುಳಿ ಬಿಡದ್ದು, ತಗೊಳ್ಳಿ. ನಿಮ್ಮ ಟ್ಯೂಬ್ ಹೊಸದಾಗಿದ್ದರೂ ಅದು ಆ ಜಾಗಕ್ಕೆ ಸರಿಯಾದ ಮಾಲಲ್ಲ.

ಸುಮ್ನೆ_ಒಬ್ಬ

ಇದೆಲ್ಲ ಕಂಪನಿಯವರ ಆಟ ಸ್ವಾಮಿ. ಬೇಗ ಬಿಸಾಡಿದರೆ ತಾನೇ ಅವರಿಗೆ ಹೊಸದು ವ್ಯಾಪಾರ. ನಾನು 4 ವರ್ಷ ಹಳೇ ಸಿಲಿಕಾನ್ ಹೋದ ವರ್ಷ ಕಿಟಕಿಗೆ ಹಾಕಿದೆ. ಕಲ್ಲಿನ ಹಾಗೆ ಕೂತಿದೆ. ಟ್ಯೂಬಿನ ಮೇಲೇ '20 ವರ್ಷ ಬಾಳಿಕೆ' ಅಂತ ಇತ್ತು. 20 ವರ್ಷ ಬಾಳೋದು 12 ತಿಂಗಳಿಗೆ ಕೆಡುತ್ತಾ?

ಬೆಣ್ಣೆನಗರಿ_ಹಾರ್ಡ್‌ವೇರ್

@ಸುಮ್ನೆ_ಒಬ್ಬ, ಆ 20 ವರ್ಷ ಗೋಡೆಗೆ ಹಾಕಿ ರಬ್ಬರ್ ಆದ ಮೇಲಿನದು. ಟ್ಯೂಬಿನೊಳಗೆ ಇರೋ ಪೇಸ್ಟಿನದಲ್ಲ. ಹಪ್ಪಳ ವರ್ಷಗಟ್ಟಲೆ ಇರುತ್ತೆ ಅಂತ ಹಪ್ಪಳದ ಹಿಟ್ಟನ್ನು ವರ್ಷ ಇಡ್ತೀರಾ? ಈ ಗೊಂದಲ ನಿಮ್ಮೊಬ್ಬರದೇ ಅಲ್ಲ, ನನ್ನ ಗಿರಾಕಿಗಳಲ್ಲಿ ಬಹಳ ಜನಕ್ಕಿದೆ. ದೊಡ್ಡ ಅಕ್ಷರದಲ್ಲಿ 20 ವರ್ಷ ಅಂತ ಹಾಕಿ 12 ತಿಂಗಳನ್ನು ಇರುವೆ ಗಾತ್ರದಲ್ಲಿ ಹಾಕೋದು ಕಂಪನಿಯವರ ಬುದ್ಧಿ, ಅದರಲ್ಲಿ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ.

ಪೀಣ್ಯ_ಪಾಲಿಮರ್

4 ವರ್ಷದ್ದು ಸರಿ ಕೂತಿರೋದು ಸುಳ್ಳು ಅಂತ ಹೇಳಲ್ಲ. ತಂಪಾದ ಜಾಗದಲ್ಲಿಟ್ಟಿದ್ದರೆ ಅವಧಿ ಮುಗಿದ ಮೇಲೂ ಕೆಲವು ಚೆನ್ನಾಗೇ ಇರುತ್ತವೆ. ತಾರೀಖು ಅಂದರೆ 'ಅಲ್ಲಿಯವರೆಗೆ ನಾವು ಜವಾಬ್ದಾರಿ' ಅಂತ ಕಂಪನಿ ಕೊಡೋ ಮಾತು, ಅಷ್ಟೇ. ಮರುದಿನ ಬೆಳಗ್ಗೆ ಸಾಯುತ್ತೆ ಅಂತಲ್ಲ. ಆದರೆ ಅದೇ ತರಹ, ತಾರೀಖಿನ ಒಳಗೇ ಕೆಟ್ಟಿರುವ ಟ್ಯೂಬನ್ನೂ ನಾನು ನೋಡಿದ್ದೇನೆ. ಗೋಡೌನಿನ ಶೀಟಿನ ಕೆಳಗೆ ಬೇಸಿಗೆ ಕಳೆದದ್ದು.

ಬಿಸಿಲೂರು_ರಾಯಚೂರು

ಸೆಕೆಯ ಮಾತು ಬಂತಲ್ಲ, ನಮ್ಮ ಕಡೆ ಬನ್ನಿ ಒಮ್ಮೆ. ಮೇ ತಿಂಗಳಲ್ಲಿ ನೆರಳಲ್ಲೇ 42 ಇರುತ್ತೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಕೂರಿಸೋ ಕೆಲಸ ನಂದು. ಒಂದು ಸಲ ಆರು ಪಿಯು ಫೋಮ್ ಡಬ್ಬಿ ಕಾರಿನ ಡಿಕ್ಕಿಯಲ್ಲೇ ಮರೆತಿದ್ದೆ. ಡಬ್ಬಿ ಮೇಲೆ 50 ಡಿಗ್ರಿ ದಾಟಬಾರದು ಅಂತ ಇರುತ್ತೆ. ಬಿಸಿಲಿಗೆ ನಿಂತ ಕಾರು ಅದನ್ನು ಸುಲಭವಾಗಿ ದಾಟುತ್ತೆ. ಪುಣ್ಯಕ್ಕೆ ಸಿಡಿಯಲಿಲ್ಲ, ಒಳಗಿನ ಗ್ಯಾಸು ಬೆಂಕಿ ಹತ್ತುವಂಥದ್ದು. ಆದರೆ ಆರರಲ್ಲಿ ನಾಲ್ಕು ಸರಿಯಾಗಿ ಉಬ್ಬಲಿಲ್ಲ, ನೀರುನೀರಾಗಿ ಇಳಿದವು.

ಫೋಮ್ ಡಬ್ಬಿಯನ್ನು ನಿಲ್ಲಿಸಿಯೇ ಇಡಬೇಕು, ಮಲಗಿಸಬಾರದು. ಮಲಗಿಸಿದರೆ ಒಳಗಿನ ಮಾಲು ವಾಲ್ವಿಗೆ ತಾಗಿ ಅಂಟಿಕೊಂಡು ಬಾಯಿ ಕಟ್ಟಿಹೋಗುತ್ತೆ. @ಮೈಸೂರು_ಅಟ್ಟ, ನಿಮ್ಮ ಡಬ್ಬಿಯೂ ಬಾಯಿ ಕಟ್ಟಿದ್ದರೆ ಮೊಳೆ ಹೊಡೆದು ತೆಗೆಯೋಕೆ ಹೋಗಬೇಡಿ. ಒಳಗೆ ಪ್ರೆಶರ್ ಹಾಗೇ ಇರುತ್ತೆ. ನಮ್ಮ ಹುಡುಗ ಒಬ್ಬ ಹೀಗೆ ಮಾಡಿ ಗಡ್ಡಕ್ಕೆಲ್ಲ ಹಾರಿಸಿಕೊಂಡು, ಕೊನೆಗೆ ಬೋಳಿಸಬೇಕಾಯಿತು.

ಮತ್ತೆ ಒಂದು ವಿಚಿತ್ರ. ನಮ್ಮ ಒಣ ಸೆಕೆಗೆ ಹೊಸ ಸಿಲಿಕಾನ್ ಕೂಡ ನಿಧಾನವಾಗಿ ಗಟ್ಟಿಯಾಗುತ್ತೆ. ಬಿಸಿಲಿದ್ದರೆ ಬೇಗ ಒಣಗುತ್ತೆ ಅಂದುಕೊಂಡಿದ್ದೆ. ಪಾಲಿಮರ್ ಸಾರ್ ಹೇಳಿದ ಮೇಲೆ ಅರ್ಥ ಆಯಿತು, ಕುಡಿಯೋಕೆ ಗಾಳಿಯಲ್ಲಿ ತೇವವೇ ಇರಲ್ಲ.

ಕುಂದಾಪ್ರ_ಕಡಲು

ನಮ್ಮಲ್ಲಿ ಉಲ್ಟಾ. ಜೂನ್‌ನಲ್ಲಿ ಗಾಳಿಯನ್ನೇ ಹಿಂಡಿದರೆ ನೀರು ಬರುತ್ತದೆ. ಸಿಲಿಕಾನ್ ಹತ್ತು ನಿಮಿಷಕ್ಕೆ ಕೆನೆ ಕಟ್ಟುತ್ತದೆ. ಬೆರಳು ಸವರಲು ಸಮಯವೇ ಸಿಗುವುದಿಲ್ಲ. ಆದರೆ ಅರ್ಧ ಬಳಸಿದ ಟ್ಯೂಬ್ ಇಟ್ಟರೆ ಮುಗಿಯಿತು, ಎರಡು ವಾರದಲ್ಲಿ ಮೂತಿಯಿಂದ ಒಳಗಿನವರೆಗೆ ರಬ್ಬರ್ ಕಡ್ಡಿ.

ಅಕ್ರಿಲಿಕ್‌ನದು ಬೇರೆ ಕಥೆ. ಅದು ನೀರಲ್ಲಿ ಕಲಸಿದ ಮಾಲು, ನೀರು ಆರಿದರೆ ಮಾತ್ರ ಗಟ್ಟಿ. ಮಳೆಗಾಲದಲ್ಲಿ ಆರುವುದೇ ಇಲ್ಲ. ಹೊರಗಿನ ಗೋಡೆಗೆ ಹಾಕಿದ ಮೊದಲ ದಿನವೇ ಮಳೆ ಬಂದರೆ ಹಾಲಿನಂತೆ ತೊಳೆದು ಹೋಗುತ್ತದೆ. ಆಗ ಟ್ಯೂಬ್ ಹಳೆಯದು ಅಂತ ದೂರಬೇಡಿ, ಕೆಲಸ ಮಾಡಿದ ದಿನ ನೋಡಿಕೊಳ್ಳಿ.

ಒಂದು ಹಳೆಯ ಮಾತು. ನಮ್ಮ ಅಜ್ಜನ ಮರದ ದೋಣಿಗೆ ಹಲಗೆಗಳ ಸಂದಿಯಲ್ಲಿ ಹತ್ತಿಯ ಬತ್ತಿ ಬಡಿದು, ಮೇಲೆ ರಾಳ ಮತ್ತು ಎಣ್ಣೆ ಕಾಯಿಸಿ ಹಚ್ಚುತ್ತಿದ್ದರು. ಹೊರಗೆ ಗೇರೆಣ್ಣೆ. ಅದಕ್ಕೆ ತಾರೀಖಿಲ್ಲ. ರಾಳದ ಉಂಡೆ ವರ್ಷಗಟ್ಟಲೆ ಗೋಣಿಯಲ್ಲಿ ಬಿದ್ದಿರುತ್ತಿತ್ತು. ಕಾಯಿಸಿದರೆ ಕರಗುತ್ತದೆ, ತಣಿದರೆ ಗಟ್ಟಿ, ಅದರಲ್ಲಿ ಕೆಡಲು ಏನಿದೆ? ಆದರೆ ಹಚ್ಚಿದ್ದು ಹೆಚ್ಚು ದಿನ ಬಾಳುತ್ತಿರಲಿಲ್ಲ. ಪ್ರತಿ ಮಳೆಗಾಲ ದೋಣಿ ಮೇಲೆ ಎಳೆದು ಮತ್ತೆ ಮಾಡಬೇಕು. ಈಗ ಫೈಬರ್ ದೋಣಿ. ಅದಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಕೆಲವೇ ತಿಂಗಳಿನ ಅತಿಥಿ. ಸೆಕೆಗೆ ಇಟ್ಟರೆ ಡ್ರಮ್ಮಿನಲ್ಲೇ ಜೆಲ್ಲಿ. ಮಲ್ಪೆ ಕಡೆ ದೋಣಿ ರಿಪೇರಿಯವರನ್ನು ಕೇಳಿ, ತಾರೀಖು ನೋಡದೆ ರೆಸಿನ್ ಕೊಳ್ಳುವವರು ಸಿಗುವುದಿಲ್ಲ.

ಗಾರೆ_ತಾತ

ರಾಳದ ಮಾತಿಗೆ ಸುಣ್ಣದ ಮಾತು ಸೇರಿಸುತ್ತೇನೆ, ವಿಷಯ ಸ್ವಲ್ಪ ಆಚೆ ಹೋದರೆ ಕ್ಷಮಿಸಿ. ಹಿಂದೆ ಗಾರೆಗೆ ಸುಣ್ಣವನ್ನು ಗುಂಡಿಯಲ್ಲಿ ನೀರಲ್ಲಿ ನೆನೆಹಾಕಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಎಷ್ಟು ಕೊಳೆತರೆ ಅಷ್ಟು ಒಳ್ಳೆಯ ಬೆಣ್ಣೆ. ಸುಣ್ಣ ಗಟ್ಟಿಯಾಗಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ನೀರಿನ ಕೆಳಗೆ ಅದಕ್ಕೆ ಗಾಳಿ ಸಿಗುವುದಿಲ್ಲ, ಹಾಗಾಗಿ ಮೆತ್ತಗೇ ಇರುತ್ತದೆ. ಸಿಮೆಂಟ್ ನೋಡಿ, ಅದಕ್ಕೆ ನೀರೇ ಶತ್ರು. ಮೂಟೆಯಲ್ಲಿ ಮೂರು ತಿಂಗಳು ದಾಟಿದರೆ ಮತ್ತೆ ಪರೀಕ್ಷೆ ಮಾಡಿಸಿಯೇ ಬಳಸಬೇಕು ಅಂತ ಎಂಜಿನಿಯರುಗಳು ಹೇಳುತ್ತಾರೆ. ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಪುಡಿಯದೂ ಅದೇ ಹಣೆಬರಹ. ಯಾವುದನ್ನು ಯಾವುದರಿಂದ ಬಚ್ಚಿಡಬೇಕು ಅಂತ ತಿಳಿದರೆ ಅರ್ಧ ಕೆಲಸ ಆಯಿತು.

ನಲ್ಲಿ_ನಾಗಣ್ಣ

ಪ್ಲಂಬರ್ ಕೆಲಸ ಮಾಡಿ 22 ವರ್ಷ ಆಯಿತು. ಓದಿದ್ದು ಕಮ್ಮಿ, ಆದರೆ ಕೈಗೆ ಗೊತ್ತು. ಹಳೇ ಟ್ಯೂಬ್ ಬಳಸೋ ಮುಂಚೆ ನಾನು ಮಾಡೋದು ಹೇಳುತ್ತೇನೆ.

ಮೊದಲು ಟ್ಯೂಬನ್ನು ಕೈಯಲ್ಲಿ ಒತ್ತಿ ನೋಡಿ. ಎಲ್ಲಾ ಕಡೆ ಒಂದೇ ಸಮ ಮೆತ್ತಗಿರಬೇಕು. ಗಂಟುಗಂಟು ಸಿಕ್ಕರೆ ಪಕ್ಕಕ್ಕಿಡಿ. ಆಮೇಲೆ ಮೂತಿ ಕತ್ತರಿಸಿ, ಬೆರಳುದ್ದದ ಗೆರೆಯನ್ನು ಒಡೆದ ಟೈಲ್ಸ್ ಅಥವಾ ಗಾಜಿನ ಚೂರಿನ ಮೇಲೆ ಎಳೆಯಿರಿ. ಮೊದಲ ಎರಡು ಇಂಚು ಮಾಲು ಲೆಕ್ಕಕ್ಕೆ ತಗೋಬೇಡಿ, ಮೂತಿ ಹತ್ತಿರದ್ದು ಯಾವಾಗಲೂ ಹಾಳಾಗಿರುತ್ತೆ. ಅರ್ಧ ಗಂಟೆಗೆ ಕೆನೆ ಕಟ್ಟಬೇಕು, ಬೆರಳಿಗೆ ಅಂಟಬಾರದು. ಆದರೆ ಅಷ್ಟಕ್ಕೇ ಖುಷಿಪಡಬೇಡಿ. ಮರುದಿನ ಬ್ಲೇಡಿನಲ್ಲಿ ಅಡ್ಡ ಸೀಳಿ ಒಳಗೆ ನೋಡಿ. ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳಕ್ಕೆ ರಬ್ಬರ್ ಆಗುತ್ತೆ. ಒಳಗೆ ಇನ್ನೂ ಪೇಸ್ಟ್ ಇದ್ದರೆ ಇನ್ನೊಂದು ದಿನ ಬಿಡಿ. ಕೊನೆಗೆ ಉಗುರಲ್ಲಿ ಎಬ್ಬಿಸಿ ನೋಡಿ, ಸಲೀಸಾಗಿ ಸಿಪ್ಪೆ ತರಹ ಎದ್ದು ಬಂದರೆ ಅದು ಗಟ್ಟಿಯಾಗಿದ್ದರೂ ಪ್ರಯೋಜನ ಇಲ್ಲ, ಹಿಡಿತ ಹೋಗಿದೆ. ಬಹಳ ಜನ ಈ ಕೊನೆ ಭಾಗ ಬಿಟ್ಟುಬಿಡುತ್ತಾರೆ.

ಪೈಪಿನ ಗಮ್ಮು: ಮುಚ್ಚಳ ತೆಗೆದಾಗ ಜೇನಿನ ತರಹ ಹರಿಯಬೇಕು. ಜೆಲ್ಲಿ ಆಗಿದ್ದರೆ ಬಿಸಾಡಿ. ಥಿನ್ನರ್ ಹಾಕಿ ಕಲಸಿ ಉಳಿಸೋಕೆ ನೋಡುತ್ತಾರೆ, ಅದು ಪೈಪನ್ನು ಹಿಡಿಯಲ್ಲ. ನಾಲ್ಕು ದಿನ ನಿಂತು ಐದನೇ ದಿನ ಗೋಡೆಯೊಳಗೆ ಬಿಟ್ಟುಕೊಳ್ಳುತ್ತೆ. ಗೋಡೆ ಒಡೆಯೋ ಖರ್ಚು ನೆನೆದರೆ ಒಂದು ಡಬ್ಬಿ ಗಮ್ಮು ಲೆಕ್ಕವೇ ಅಲ್ಲ. ಪಿವಿಸಿ ಗಮ್ಮು ಬೇರೆ, ಬಿಸಿನೀರಿನ ಸಿಪಿವಿಸಿ ಗಮ್ಮು ಬೇರೆ, ಅದನ್ನೂ ನೋಡಿಕೊಳ್ಳಿ.

ಎಂ-ಸೀಲ್: ಎರಡು ಉಂಡೆ ಬೇರೆಬೇರೆ ಇರೋವರೆಗೆ ಏನೂ ಆಗಲ್ಲ, ಕಲಸಿದಾಗಲೇ ಶುರು. ಆದರೆ ತೀರಾ ಹಳೆಯದಾದರೆ ಉಂಡೆ ಒಣಗಿ ಪುಡಿಪುಡಿ ಆಗುತ್ತೆ, ಎರಡು ಬಣ್ಣ ಒಂದಾಗಲ್ಲ. ಪೂರ್ತಿ ಒಂದೇ ಬಣ್ಣ ಬರದಿದ್ದರೆ ಹಚ್ಚಬೇಡಿ.

ಟೆಫ್ಲಾನ್ ಟೇಪಿಗೆ ವಯಸ್ಸಿಲ್ಲ. ನನ್ನ ಬ್ಯಾಗಿನ ತಳದಲ್ಲಿ ಯಾವ ಕಾಲದ್ದೋ ಒಂದು ಸುರುಳಿ ಇದೆ, ಈಗಲೂ ನಡೆಯುತ್ತೆ.

ಮಲ್ಲೇಶ್ವರಂ_ಮೀನು

ನನ್ನ ಪ್ರಶ್ನೆ ಮೀನಿನ ತೊಟ್ಟಿಯದು. 3 ಅಡಿ ಅಕ್ವೇರಿಯಂ ಸೋರುತ್ತಿದೆ. ಬಾತ್‌ರೂಮಿಗೆ ಅಂತ ತಂದ ಸಿಲಿಕಾನ್ ಇದೆ, ತಾರೀಖು ಒಳಗಿದೆ. ಹಾಕಬಹುದಾ?

ಪೀಣ್ಯ_ಪಾಲಿಮರ್

ಬೇಡ. ಬಾತ್‌ರೂಮಿನದಕ್ಕೆ ಬೂಷ್ಟು ಬರದ ಹಾಗೆ ಔಷಧಿ ಸೇರಿಸಿರುತ್ತಾರೆ. ಅದು ನೀರಿಗೆ ಬಿಟ್ಟುಕೊಂಡರೆ ಮೀನಿಗೆ ವಿಷ. ಅಕ್ವೇರಿಯಂಗೆ ಅಂತಲೇ ಬರೆದಿರೋ ಹುಳಿ ವಾಸನೆಯದ್ದೇ ತನ್ನಿ, ಗಾಜಿಗೆ ಅದು ಚೆನ್ನಾಗಿ ಹಿಡಿಯುತ್ತೆ. ವಾಸನೆ ಪೂರ್ತಿ ಹೋಗುವವರೆಗೆ ನೀರು ತುಂಬಬೇಡಿ. ಇದರಲ್ಲಿ ಹಳೇ ಟ್ಯೂಬಿನ ಜೂಜು ಆಡಲೇಬೇಡಿ. ರಾತ್ರಿ ಹೊತ್ತು ಹಾಲ್‌ನಲ್ಲಿ 100 ಲೀಟರ್ ನೀರು ಬಿದ್ದರೆ ಗೊತ್ತಾಗುತ್ತೆ.

ಮಿನಿಯಾಪೊಲಿಸ್_ಅಕ್ಕ

ನಾನು ಅಮೆರಿಕದ ಮಿನೆಸೋಟದಿಂದ. ನಿಮಗೆಲ್ಲ ಸೆಕೆಯ ಕಾಟ, ನಮಗೆ ಚಳಿ. ಇಲ್ಲಿ ಎಲ್ಲರೂ ಇಂಥ ಸಾಮಾನನ್ನು ಗ್ಯಾರೇಜಿನಲ್ಲಿ ಇಡುತ್ತಾರೆ. ಜನವರಿಯಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತದೆ. ಮೊದಲ ವರ್ಷ ಬಂದಾಗ ನನಗೆ ಗೊತ್ತಿರಲಿಲ್ಲ. ವಸಂತದಲ್ಲಿ ಕಿಟಕಿಗೆ ಹಾಕೋಣ ಅಂತ ಅಕ್ರಿಲಿಕ್ ಟ್ಯೂಬ್ ತೆಗೆದರೆ ಒಡೆದ ಹಾಲು. ನೀರು ಬೇರೆ, ಗರಣೆ ಬೇರೆ. ತಾರೀಖು ಇನ್ನೂ ಒಂದು ವರ್ಷ ಬಾಕಿ ಇತ್ತು! ಇಲ್ಲಿನ ಕೆಲವು ಲೇಬಲ್‌ಗಳಲ್ಲಿ ಇಷ್ಟು ಸಲ ಹೆಪ್ಪುಗಟ್ಟಿ ಕರಗಿದರೂ ಪರವಾಗಿಲ್ಲ ಅಂತ ಬರೆದಿರುತ್ತಾರೆ. ಅದನ್ನು ನೋಡಿ ಕೊಳ್ಳುವುದು ಆಮೇಲೆ ಕಲಿತೆ. ಸಿಲಿಕಾನ್‌ಗೆ ಅಂಥ ಚಳಿ ಏನೂ ಮಾಡಲಿಲ್ಲ, ಅದರಲ್ಲಿ ನೀರೇ ಇಲ್ಲವಲ್ಲ. ಈಗ ನೀರಿನ ಮಾಲೆಲ್ಲ ಬೇಸ್‌ಮೆಂಟಿಗೆ.

ಒಂದು ಪ್ರಶ್ನೆ. ಊರಲ್ಲಿ ಅಮ್ಮ ಫೆವಿಕ್ವಿಕ್ ಅನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ. ಸಿಲಿಕಾನನ್ನೂ ಇಡಬಹುದಾ?

ಪೀಣ್ಯ_ಪಾಲಿಮರ್

ಅಮ್ಮ ಮಾಡೋದು ಸರಿ, ಬಾಯಿ ಒಡೆಯದ್ದಾದರೆ. ಆ ಅಂಟೂ ತೇವಕ್ಕೆ ಗಟ್ಟಿಯಾಗೋ ಜಾತಿ. ತಣ್ಣಗಿಟ್ಟರೆ ಅವಧಿ ಹೆಚ್ಚುತ್ತೆ. ಸಿಲಿಕಾನ್‌ಗೂ ಅದೇ ಲೆಕ್ಕ. ಆದರೆ ಹೊರಗೆ ತೆಗೆದು ಕೂಡಲೇ ಬಾಯಿ ಒಡೆಯಬೇಡಿ. ತಣ್ಣನೆ ಟ್ಯೂಬಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತೆ, ಕೋಕ್ ಬಾಟಲಿ ಬೆವರೋ ಹಾಗೆ. ಕೆಲವು ಗಂಟೆ ಹೊರಗಿಟ್ಟು, ಮನೆಯ ಬಿಸಿಗೆ ಬಂದ ಮೇಲೆ ತೆಗೆಯಿರಿ. ತಿಂಡಿತಿನಿಸಿನ ಪಕ್ಕ ಇಡೋದು ನನಗೆ ಇಷ್ಟ ಇಲ್ಲ, ಮಕ್ಕಳಿರೋ ಮನೆಯಾದರಂತೂ ಬೇಡವೇ ಬೇಡ. ಕಪಾಟಿನ ಕೆಳಗಿನ ಖಾನೆ, ನೆಲದ ಹತ್ತಿರ, ಸಾಕು.

ಸುಮ್ನೆ_ಒಬ್ಬ

ಸರಿ, ಅರ್ಧ ಉಳಿದ ಟ್ಯೂಬಿನ ಕಥೆ ಏನು? ಕಿಟಕಿಗೆ ಹಾಕಿದ ಮೇಲೆ ಮುಕ್ಕಾಲು ಉಳಿದಿತ್ತು. ಮೂತಿಗೆ ಮೊಳೆ ಹೊಡೆದು ಇಟ್ಟಿದ್ದೆ. ಮೊಳೆ ತುಕ್ಕು ಹಿಡಿದು ಒಳಗೇ ಕೂತಿದೆ 😄

ನಲ್ಲಿ_ನಾಗಣ್ಣ

ಮೊಳೆಯನ್ನು ಆ ಹುಳಿಯೇ ತಿಂದಿರುತ್ತೆ. ನಾನು ಮಾಡೋದು ಹೀಗೆ. ಕೆಲಸ ಮುಗಿದ ಕೂಡಲೇ ಗನ್ನಿನ ಹಿಂದಿನ ಕೀಲಿ ಒತ್ತಿ ಪ್ರೆಶರ್ ಬಿಡಿಸುತ್ತೇನೆ, ಇಲ್ಲದಿದ್ದರೆ ಮಾಲು ಹೊರಗೆ ಬರುತ್ತಲೇ ಇರುತ್ತೆ. ಮೂತಿಯಿಂದ ಒಂದು ಇಂಚು ಬೇಕಂತಲೇ ಹೊರಗೆ ಬಿಡುತ್ತೇನೆ. ಅದು ಗಟ್ಟಿಯಾಗಿ ತಾನೇ ಬಿರಡೆ ಆಗುತ್ತೆ. ಮೇಲೆ ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತುತ್ತೇನೆ. ಮುಂದಿನ ಸಲ ಒಂದು ಉದ್ದ ಸ್ಕ್ರೂ ತಿರುಗಿಸಿ ಆ ಬಿರಡೆ ಎಳೆದರೆ ಕ್ಯಾರೆಟ್ ಕಿತ್ತ ಹಾಗೆ ಬರುತ್ತೆ. ಒಂದೆರಡು ತಿಂಗಳು ನಡೆಯುತ್ತೆ. ಅದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಲ್ಲ.

ಮನೆಯವರಿಗೆ ನಾನು ಹೇಳೋದು: 280 ಮಿಲಿ ಟ್ಯೂಬ್ ಒಂದು ಸಿಂಕಿಗೆ ಬಹಳ ಜಾಸ್ತಿ. ಅಂಗಡಿಯಲ್ಲಿ ಕೈಯಲ್ಲೇ ಒತ್ತೋ ಚಿಕ್ಕ ಟ್ಯೂಬ್ ಸಿಗುತ್ತೆ. ಗ್ರಾಮ್ ಲೆಕ್ಕದಲ್ಲಿ ದುಬಾರಿ ಅನ್ನಿಸುತ್ತೆ, ಆದರೆ ಉಳಿದದ್ದನ್ನು ಬಿಸಾಡೋದು ಲೆಕ್ಕ ಹಾಕಿ.

ಬಿಸಿಲೂರು_ರಾಯಚೂರು

ನಾಗಣ್ಣ ಹೇಳಿದ್ದು ಸರಿ. ಇಲ್ಲವೇ ಒಂದು ದಿನ ಗೊತ್ತು ಮಾಡಿ ಸಿಂಕು, ವಾಷ್‌ಬೇಸಿನ್, ಕಿಟಕಿ, ಕಮೋಡಿನ ಬುಡ ಎಲ್ಲ ಒಟ್ಟಿಗೆ ಮುಗಿಸಿ. ಟ್ಯೂಬ್ ಖಾಲಿ, ತಲೆನೋವೂ ಖಾಲಿ.

ಹೊಸಮನೆ_ಹಾಸನ

ನಮ್ಮ ಮನೆ ಮೇಸ್ತ್ರಿ ಹಳೇ ಸಿಲಿಕಾನ್ ಮೇಲೇ ಹೊಸದು ಎಳೆದು ಹೋದ. ಟ್ಯೂಬ್ ಅದೇ ತಿಂಗಳಿನದು, ನಾನೇ ತಂದಿದ್ದೆ. ಒಂದೇ ತಿಂಗಳಿಗೆ ಪಟ್ಟಿ ತರಹ ಎದ್ದು ಬಂತು. ಇದು ಯಾಕೆ?

ಪೀಣ್ಯ_ಪಾಲಿಮರ್

ಗಟ್ಟಿಯಾದ ಸಿಲಿಕಾನ್‌ಗೆ ಯಾವುದೂ ಅಂಟಲ್ಲ, ಪೇಂಟೂ ಅಂಟಲ್ಲ, ಇನ್ನೊಂದು ಸಿಲಿಕಾನೂ ಸರಿಯಾಗಿ ಅಂಟಲ್ಲ. ಪೂರ್ತಿ ಕೆರೆದು, ಉಳಿದ ತೆಳು ಪೊರೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಉಜ್ಜಿ, ಒಣಗಿಸಿ ಆಮೇಲೆ ಹಾಕಬೇಕು. @ಮೈಸೂರು_ಅಟ್ಟ, ನಿಮ್ಮ ಅರೆಬೆಂದ ಅಂಟಿಗೂ ಇದೇ ದಾರಿ. ಮೊದಲು ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಾಚಿ, ಒಣ ಪೇಪರಲ್ಲಿ ಒರೆಸಿ, ಕೊನೆಗೆ ಆಲ್ಕೊಹಾಲ್. ಮೊದಲೇ ದ್ರಾವಕ ಸುರಿದರೆ ಎಲ್ಲಾ ಕಡೆ ಸವರಿಕೊಳ್ಳುತ್ತೆ, ಎಣ್ಣೆ ಹಚ್ಚಿದ ಹಾಗೆ. ಸ್ಟೌ ಆರಿಸಿ, ಕಿಟಕಿ ತೆಗೆದಿಡಿ.

ಮೈಸೂರು_ಅಟ್ಟ (5 ದಿನದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತೇನೆ.

ನಾಗಣ್ಣ ಹೇಳಿದ ಹಾಗೆ ಒಂದು ಒಡೆದ ಟೈಲ್ಸ್ ಮೇಲೆ ಗೆರೆ ಎಳೆದು ಪೆನ್ನಲ್ಲಿ ಹೆಸರು ಬರೆದೆ. ಮಗಳು ಶಾಲೆಯ ಪ್ರಯೋಗ ಅಂತ ಹಟ ಹಿಡಿದು ಗಂಟೆಗೊಮ್ಮೆ ಮುಟ್ಟಿ ನೋಡಿದಳು, ಅದಕ್ಕೇ ಅರ್ಧ ಗೆರೆಯ ಮೇಲೆ ಅವಳ ಬೆರಳಿನ ಗುರುತಿದೆ. ಸಿಂಕಿಗೆ ಹಾಕಿದ ಟ್ಯೂಬಿನ ಗೆರೆ ಐದನೇ ದಿನವೂ ಅಂಟು. ಎರಡನೇ ಟ್ಯೂಬ್, ಅದೇ ಡಬ್ಬದಲ್ಲಿ ಅದರ ಪಕ್ಕವೇ ಇದ್ದದ್ದು, ಬೇರೆ ಬ್ಯಾಚು. ಅರ್ಧ ಗಂಟೆಗೇ ಕೆನೆ ಕಟ್ಟಿತು! ಸೀಳಿ ನೋಡಿದರೆ ಒಳಗೂ ರಬ್ಬರ್. ಗೆದ್ದೆ ಅಂದುಕೊಂಡು ಉಗುರು ಹಾಕಿದೆ. ಇಡೀ ಗೆರೆ ಹಲ್ಲಿ ಬಾಲದ ಹಾಗೆ ಕೈಗೆ ಬಂತು. ಆ ಕೊನೇ ಪರೀಕ್ಷೆ ಹೇಳದಿದ್ದರೆ ಇದನ್ನೇ ಸಿಂಕಿಗೆ ಹಾಕುತ್ತಿದ್ದೆ.

ಅಕ್ರಿಲಿಕ್ ಮೂತಿಯಲ್ಲಿ ಮಾತ್ರ ಗಟ್ಟಿಯಾಗಿತ್ತು, ಒಳಗೆ ಸರಿ ಇತ್ತು. ಅದರಲ್ಲಿ ಮಲಗುವ ಕೋಣೆಯ ಬಾಗಿಲ ಚೌಕಟ್ಟಿನ ಬಿರುಕು ತುಂಬಿದೆ. ಕಳಚಿದರೆ ಕಳಚಲಿ, ಅಲ್ಲಿ ನೀರಿಲ್ಲ. ಪೈಪಿನ ಗಮ್ಮು ಜೆಲ್ಲಿ. ಎಂ-ಸೀಲ್ ಚೆನ್ನಾಗಿ ಕಲಸಿಕೊಂಡಿತು, ಹೂಕುಂಡದ ಬಿರುಕಿಗೆ ಹೋಯಿತು. ಫೋಮ್ ಡಬ್ಬಿ ಬಾಯಿ ಕಟ್ಟಿದೆ, ಮೊಳೆ ಹೊಡೆದಿಲ್ಲ. ಕಸದ ಗಾಡಿಯವರು ಪೇಂಟ್ ಡಬ್ಬ, ಟ್ಯೂಬ್‌ಲೈಟ್ ಬೇರೆ ಕೇಳುತ್ತಾರಲ್ಲ, ಅದರ ಜೊತೆ ಕೊಡುತ್ತೇನೆ.

ಸಿಂಕಿಗೆ ಹೊಸ ನ್ಯೂಟ್ರಲ್ ಸಿಲಿಕಾನ್ ತಂದೆ. ಅಂಗಡಿಯವನು ಮುಂದೆ ಇದ್ದದ್ದನ್ನು ಕೊಟ್ಟ. ತಳ ತಿರುಗಿಸಿ ನೋಡಿದೆ, 11 ತಿಂಗಳು ಆಗಿತ್ತು. ಹಿಂದಿನಿಂದ ಕೊಡಿ ಅಂದೆ. ಮುಖ ಸಿಂಡರಿಸಿಕೊಂಡು 2 ತಿಂಗಳಿನದು ಕೊಟ್ಟ. ಹಾಕಿ ಎರಡು ದಿನ ಆಯಿತು, ಕುಕ್ಕರ್ ಇಟ್ಟು ಎತ್ತಿದರೂ ಕದಲುತ್ತಿಲ್ಲ. ಪ್ಲೈವುಡ್ ಮಾತ್ರ ಬದಲಾಯಿಸಲೇಬೇಕಂತೆ, ಬಡಗಿ ಬಂದು ನೋಡಿ ಹೋದ.

ಬೆಣ್ಣೆನಗರಿ_ಹಾರ್ಡ್‌ವೇರ್

ಮುಖ ಸಿಂಡರಿಸಿದ್ದು ನಾನಲ್ಲ ಅಂತ ದಾಖಲೆಗೆ ಹೇಳಿಬಿಡುತ್ತೇನೆ 🙏

ಸುಮ್ನೆ_ಒಬ್ಬ

ಈ ಎಳೆ ಓದಿ ನಿನ್ನೆ ನನ್ನ ಕಿಟಕಿಯ ಸಿಲಿಕಾನ್‌ಗೂ ಉಗುರು ಹಾಕಿ ನೋಡಿದೆ. ಮೂರು ಕಡೆ ಗಟ್ಟಿ. ಕೆಳಗಿನ ಕಡೆ ಒಂದು ಗೇಣು ಎದ್ದು ಬಂತು. ಹೆಂಡತಿಗೆ ಇನ್ನೂ ಹೇಳಿಲ್ಲ.

ಮೈಸೂರು_ಅಟ್ಟ

@ಸುಮ್ನೆ_ಒಬ್ಬ, ನೀವು ಮೈಸೂರಾ? ನನ್ನ ಹತ್ತಿರ ಮುಕ್ಕಾಲು ಟ್ಯೂಬ್ ನ್ಯೂಟ್ರಲ್ ಉಳಿದಿದೆ. ಬಾಯಿ ಒಡೆದ ತಾರೀಖನ್ನು ಟೇಪ್ ಮೇಲೆ ಬರೆದಿದ್ದೇನೆ. ಅಟ್ಟಕ್ಕೆ ಹಾಕಿಲ್ಲ, ಕಪಾಟಿನ ಕೆಳಗಿದೆ.

ಸುಮ್ನೆ_ಒಬ್ಬ

ನಂಜನಗೂಡು. ಭಾನುವಾರ ಬರಲಾ?